ತೂಕದ ಚೀಟಿ

ಕೂಳೂರಿನ ಸೇತುವೆ ದಾಟಿ ಎಡಕ್ಕೆ,
ಟಯರ್ ಅಂಗಡಿಯ ಹಿಂದೆ ನಮ್ಮ ವೇಬ್ರಿಜ್.
ಗ್ರಾಸ್, ಟೇರ್, ನೆಟ್. ಹನ್ನೊಂದು ವರ್ಷದಿಂದ
ಈ ಮೂರೇ ಮಾತು ಬರೆಯುತ್ತಿದ್ದೇನೆ.
ಕಲ್ಲಿದ್ದಲು ಬರುತ್ತದೆ, ಗೊಬ್ಬರ ಬರುತ್ತದೆ, ತಾಳೆಯೆಣ್ಣೆ ಬರುತ್ತದೆ,
ಹಡಗಿನಿಂದ ಇಳಿದದ್ದೆಲ್ಲ ನನ್ನ ಕಿಟಕಿಯೆದುರು
ಒಂದು ಗಳಿಗೆ ಉಸಿರು ಹಿಡಿದು ನಿಲ್ಲುತ್ತದೆ.

ಬಲ್ಕಾರ್ ಸಿಂಗ್ ಬರುವುದು ತಿಂಗಳಿಗೊಮ್ಮೆ.
ಮೊದಲ ಸಲ ಬೋರ್ಡು ನೋಡಿ ಕೇಳಿದ್ದ:
ಗುರುಪುರ ನದಿಯಾ? ಯಾವ ಗುರು?
ಗೊತ್ತಿಲ್ಲ ಅಂದೆ. ಮೇಲೆ ಒಂದು ಪೇಟೆ ಇದೆ, ಅದರ ಹೆಸರು.
ಅವನು ಕೈ ಮುಗಿದೇಬಿಟ್ಟ,
ಪೇಟೆಗೋ ನೀರಿಗೋ ತಿಳಿಯಲಿಲ್ಲ.
ಲಾರಿಯ ಸುಟ್ಟ ಆಯಿಲನ್ನು ಎಲ್ಲರಂತೆ ತೋಡಿಗೆ ಬಿಡದೆ
ಡಬ್ಬಿಗೆ ಹಿಡಿದು, ಮುಚ್ಚಳ ತಿರುಗಿಸಿ, ಸೀಟಿನಡಿ ಇಟ್ಟುಕೊಂಡ.
ಕ್ಲೀನರ್ ಹುಡುಗರು ನಕ್ಕರು.
"ನೀರು ಅಂದರೆ ನಮ್ಮಲ್ಲಿ ಅಪ್ಪ," ಅಂದ,
"ಅಪ್ಪನ ತಟ್ಟೆಗೆ ಇದನ್ನು ಸುರಿಯಲೇ?"

ಅಪ್ಪ.
ನಾವು ನದಿಗೆ ಅಮ್ಮ ಅಂದವರು;
ಅಮ್ಮ ಎಲ್ಲ ಸಹಿಸುತ್ತಾಳೆ ಎಂಬ ಸಲುಗೆ.
ನನ್ನ ಅಪ್ಪ ಇದೇ ನೀರಲ್ಲಿ ಸೊಂಟದವರೆಗೆ ಇಳಿದು
ಪಾದದಲ್ಲೇ ತಡಕಿ ಮರುವಾಯಿ ಹುಡುಕುತ್ತಿದ್ದ.
ಸಂಜೆ ಬಾಗಿಲಲ್ಲಿ ನಿಂತು, ಬಟ್ಟೆ ಹಿಂಡುತ್ತ,
ಇವತ್ತು ಏನು ಮಾಡಿದೆ? ಎಂದು ಕೇಳುತ್ತಿದ್ದ.
ನದಿ ಹಾಗೆ ಕೇಳಿದರೆ
ಯಾರ ಹತ್ತಿರ ಉತ್ತರವಿದೆ, ಈ ಬೈಕಂಪಾಡಿಯಲ್ಲಿ?

ಇನ್ನೊಮ್ಮೆ, ಸಾಲು ಉದ್ದವಿದ್ದ ದಿನ, ಕತೆ ಹೇಳಿದ.
ಅವರ ಮೊದಲ ಗುರು ನನ್ನ ಹಾಗೇ ತೂಕದ ಗುಮಾಸ್ತರಾಗಿದ್ದರಂತೆ,
ನವಾಬನ ಉಗ್ರಾಣದಲ್ಲಿ ಧಾನ್ಯ ತೂಗುವ ಕೆಲಸ.
ಹತ್ತು, ಹನ್ನೊಂದು, ಹನ್ನೆರಡು, ತೇರಾ...
ತೇರಾ ಅಂದರೆ ಹದಿಮೂರು,
ತೇರಾ ಅಂದರೆ ನಿನ್ನದು.
ಲೆಕ್ಕ ಅಲ್ಲೇ ನಿಂತಿತು. ನಿನ್ನದು, ನಿನ್ನದು ಎನ್ನುತ್ತ
ತೂಗಿ ಕೊಡುತ್ತಲೇ ಹೋದರು.
"ಸ್ಟಾಕ್ ಕಡಿಮೆ ಬಂತಾ?" ಕೇಳಿದೆ; ಅಷ್ಟೇ ನನಗೆ ಹೊಳೆದದ್ದು.
"ಒಂದು ಕಾಳೂ ಇಲ್ಲ, ಬೆಹನ್‌ಜಿ."

ಏಪ್ರಿಲ್‌ನ ಒಂದು ಬೆಳಗ್ಗೆ ಮೀನು ತೇಲಿದವು.
ಪಯ್ಯ, ಕಾನೆ, ಬೆರಳುದ್ದದ ಹೆಸರಿಲ್ಲದವು,
ಬಾಯಿ ತೆರೆದು, ಏನೋ ಅರ್ಧ ಹೇಳಿದ ಹಾಗೆ.
ನೀರಿನ ಬಣ್ಣ ನಾನು ಹೇಳುವುದಿಲ್ಲ.
ಬಲ್ಕಾರ್ ಪೈಜಾಮ ಮಡಚಿ ಇಳಿದ.
ಯಾರೂ ಕರೆದಿರಲಿಲ್ಲ. ಕೂಲಿಯ ಮಾತಿರಲಿಲ್ಲ.
ಹಳೇ ಬುಟ್ಟಿ ತುಂಬಿಸಿ ತಂದು
ಲಾರಿ ನಿಲ್ಲುವ ಉಕ್ಕಿನ ಹಲಗೆಯ ನಟ್ಟನಡುವೆ ಇಟ್ಟ.
ತೂಗು, ಅಂದ.

ನಮ್ಮ ಯಂತ್ರಕ್ಕೆ ಇಪ್ಪತ್ತು ಕಿಲೋದ ಕೆಳಗೆ ಏನೂ ಕಾಣುವುದಿಲ್ಲ.
ಕೆಂಪು ಅಂಕಿ ಮಿಸುಕಲಿಲ್ಲ: ಸೊನ್ನೆ.

ಚೀಟಿ ಬರೆದೆ.
ಗ್ರಾಸ್ ಸೊನ್ನೆ, ಟೇರ್ ಸೊನ್ನೆ.
ಮಾಲು ಯಾರದು ಎಂಬ ಗೆರೆಯ ಮೇಲೆ, ಕೈ ತಡೆಯದೆ,
ನಿನ್ನದು.

ಸಂಜೆ ಚೀಟಿಯ ಕಟ್ಟು ತಿರುವುತ್ತ ಮ್ಯಾನೇಜರ್ ಅಲ್ಲಿ ನಿಂತರು.
ಇದೇನು?
ಗಟ್ಟಿಯಾಗಿ ಓದಿ ಸಾರ್, ಎಂದೆ,
ಒಳಗೊಳಗೇ ಗೆದ್ದವಳಂತೆ.
ಅವರು ಕನ್ನಡಕ ಏರಿಸಿ, ನನ್ನ ಮುಖ ನೋಡಿಯೇ ಓದಿದರು:
ನಿನ್ನದು.

ಅಲ್ಲ ಅನ್ನಲು ಬಾಯಿ ತೆರೆದೆ.
ನಮ್ಮ ಬಚ್ಚಲಿನ ಪೈಪೂ ಹೋಗುವುದು ಅದೇ ತೋಡಿಗೆ.