ಕವಲು ಎಣಿಸುವವನು

ಸನ್ಮಾನದ ದಿನ ಡೀನ್ ಓದಿದ್ದು ಬರೀ ಅಂಕಿ:
ಪ್ರಬಂಧ ನೂರಾ ಹನ್ನೆರಡು, ಉಲ್ಲೇಖ ಒಂಬತ್ತು ಸಾವಿರ ಚಿಲ್ಲರೆ.
ವೇದಿಕೆಯ ಕುರ್ಚಿಯಲ್ಲಿ ಶಾರೋಲ್ಟಾ ಕೆರೆಸ್ಟೆಶ್
ಕೋಟಿನ ಗುಂಡಿ ತಿರುವುತ್ತ ಕೂತಿದ್ದರು.
ಹತ್ತನೇ ಸಾಲಿನಲ್ಲಿ ನಾನು, ಅವರ ಸಹಾಯಕ,
ಇಪ್ಪತ್ತೇಳು ವರ್ಷ ಮೊಟ್ಟೆಗೆ ಕಿಟಕಿ ಕೊರೆದವನು,
ಬೇರೆ ಲೆಕ್ಕ ಹಾಕುತ್ತಿದ್ದೆ: ವಾರಕ್ಕೆ ಅರವತ್ತರಂತೆ
ಮರಿಯಾಗದೆ ಹೋದವು ಎಷ್ಟು ಸಾವಿರ?

ಸೋಮವಾರ ಬೆಳಗ್ಗೆ ಆರಕ್ಕೆಲ್ಲ ಪಿರೋಷ್ಕಾ ಬರುವಳು,
ಸೈಕಲ್ಲಿನ ಹಿಂದೆ ಹುಲ್ಲು ಹಾಸಿದ ಬುಟ್ಟಿ,
ಎಲ್ಲ ಹುಂಜ ಕಂಡ ಕೋಳಿಗಳ ಮೊಟ್ಟೆ.
"ಆಮ್ಲೆಟ್ಟಿಗಲ್ಲದಿದ್ದರೆ ಮತ್ತೇತಕ್ಕೆ?" ಎಂದು ಒಮ್ಮೆ ಕೇಳಿಯೇ ಬಿಟ್ಟಳು.
ಶಾರೋಲ್ಟಾ ಅವಳನ್ನು ಒಳಗೆ ಕರೆದು
ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

ಚಿಪ್ಪಿನಲ್ಲಿ ಉಗುರಗಲದ ಕಣ್ಣು.
ಒಳಗೆ ಪೊರೆ, ಪೊರೆಯ ಮೇಲೆ ನಾನಿಟ್ಟ ಗಂಟಿನ ಚೂರು,
ಗಸಗಸೆ ಕಾಳಿಗಿಂತ ತುಸು ದಪ್ಪ.
ಸಣ್ಣದಿರುವ ತನಕ ಅದು ಬಡವ,
ಅಕ್ಕಪಕ್ಕ ಒಸರಿದ್ದನ್ನೇ ನೆಕ್ಕಿ ಬದುಕುತ್ತದೆ.
ಆಮೇಲೆ ಹಸಿವು. ಹಸಿದದ್ದು ಕೂಗುತ್ತದೆ.
ಕೂಗಿಗೆ ಓಗೊಟ್ಟು ನೆತ್ತರಿನ ಎಳೆಗಳು
ತಮ್ಮ ದಾರಿ ಬಿಟ್ಟು ಹೊರಳುತ್ತವೆ,
ಸೈಕಲ್ ಚಕ್ರದ ಕಡ್ಡಿಗಳಂತೆ
ಎಲ್ಲ ಕಡೆಯಿಂದ ನಡುವಿಗೆ.

ಪಿರೋಷ್ಕಾ ಬಹಳ ಹೊತ್ತು ನೋಡಿದಳು.
"ಇವನನ್ನು ಬಲ್ಲೆ ನಾನು," ಎಂದಳು,
"ನನ್ನ ಮೆಣಸಿನ ಹೊಲದ ಪಕ್ಕದವನು.
ರಾತ್ರಿ ಎದ್ದು ಕಾಲುವೆಯ ಏರಿ ಕಡಿದು
ನೀರೆಲ್ಲ ತನ್ನ ಪಾತಿಗೆ ತಿರುಗಿಸಿಕೊಳ್ಳುವವನು.
ಬಡಿದು ಉಪಯೋಗವಿಲ್ಲ. ತೂಬು ಮುಚ್ಚಿ."

ತೂಬು ಮುಚ್ಚಲು ಹದಿನಾರು ವರ್ಷ ಹಿಡಿಯಿತು.
ಕವಲು ಎಣಿಸುವುದು ನನ್ನ ಕೆಲಸ.
ಔಷಧಿ ಹಾಕದ ಮೊಟ್ಟೆಯಲ್ಲಿ ನಲವತ್ತು, ಹಾಕಿದ್ದರಲ್ಲಿ ಹನ್ನೊಂದು.
"ಮತ್ತೆ ಎಣಿಸು," ಎನ್ನುವರು ಶಾರೋಲ್ಟಾ,
"ನಿನ್ನೆ ಹೆಂಡತಿಯೊಡನೆ ಜಗಳವಾಡಿದ್ದೀಯ."
ಮತ್ತೆ ಎಣಿಸಿದೆ. ಹದಿಮೂರು.
ಹದಿಮೂರೆಂದೇ ಅಚ್ಚಾಯಿತು.

ಸೆಗೆಡ್ ಊರಿನ ಪತ್ರಿಕೆ ಬರೆಯಿತು:
ಕ್ಯಾನ್ಸರಿಗೆ ಬರ ತಂದ ಹೆಂಗಸು!
ಗಂಟು ಪತ್ರಿಕೆ ಓದುವುದಿಲ್ಲ.
ಒಂದು ತೂಬು ಮುಚ್ಚಿದರೆ ಇನ್ನೊಂದು ಕಡೆ ತೋಡಿಕೊಂಡಿತು.
ಆಸ್ಪತ್ರೆಯ ಪಟ್ಟಿ ಕೊನೆಗೆ ಹೇಳಿದ್ದು,
ರೋಗಿಗೆ ಹೆಚ್ಚು ಸಿಕ್ಕ ಆಯಸ್ಸು ಸರಾಸರಿ ಎರಡೂವರೆ ತಿಂಗಳು.
ಆ ಸಂಜೆ ಅವರು ತಿಸಾ ನದಿಯ ಏರಿಯ ಮೇಲೆ ನಡೆದರು,
ನಾನು ಹಿಂದೆ. ನೀರು ಕೊನೆಯ ಮೆಟ್ಟಿಲು ಮುಟ್ಟಿತ್ತು.
"ಎರಡೂವರೆ ತಿಂಗಳೆಂದರೆ," ನಿಂತು ಹೇಳಿದರು,
"ಚೆರ್ರಿ ಹೂಬಿಟ್ಟು ಹಣ್ಣಾಗುವಷ್ಟು."
ಹೆಮ್ಮೆಯೋ, ನಾಚಿಕೆಯೋ, ದನಿಯಲ್ಲಿ ತಿಳಿಯಲಿಲ್ಲ.

ಪಿರೋಷ್ಕಾಳ ಬುಟ್ಟಿ ಬರುವುದು ನಿಂತು ಆಗಲೇ ವರ್ಷವಾಗಿತ್ತು.
ಬಾಗಿಲ ಚೌಕಟ್ಟು ಡೊಂಕಾಗಿ ಕಾಣುವುದಂತೆ,
ಯಾರ ಮುಖ ನೋಡಿದರೂ ನಡುವೆ ಒಂದು ಮಸಿ.
ಕಣ್ಣಿನ ಹಿಂದಿನ ಪರದೆಯ ಕೆಳಗೆ
ಬೇಡದ ನಾಳಗಳೆದ್ದು ಸೋರುತ್ತಿವೆ, ಎಂದರು ಡಾಕ್ಟರು.
ಅಲ್ಲೂ ಅದೇ ಕೂಗು, ಅದೇ ಕಾಲುವೆ ಕಳ್ಳ!
ಗಂಟಿಗೆಂದು ಹುಟ್ಟಿದ ಔಷಧಿಯ ತಮ್ಮನನ್ನು
ತಿಂಗಳಿಗೊಮ್ಮೆ ಕಣ್ಣೊಳಗೇ ಚುಚ್ಚಿದರು.
ಜೊತೆಗೆ ಹೋಗುತ್ತಿದ್ದವನು ನಾನು.
ಕೈ ಹಿಚುಕುವಳು, ನನ್ನ ವಂಶವನ್ನೆಲ್ಲ ಬೈಯುವಳು,
ಮುಂದಿನ ತಿಂಗಳು ಮೊದಲು ಬಂದು ಕೂತಿರುವಳು.

ಡೀನ್ ಮುಗಿಸಿದರು. ಚಪ್ಪಾಳೆ.
ಪಕ್ಕದಲ್ಲಿದ್ದ ಪಿರೋಷ್ಕಾ, ಎಂಬತ್ತೊಂದರ ಮುದುಕಿ,
ಮೊಣಕೈಯಿಂದ ನನ್ನನ್ನು ತಿವಿದಳು.
"ನೋಡು ಆರ್ಪಾದ್, ಆ ಗುಂಡಿಯ ದಾರ ಸಡಿಲಾಗಿದೆ,
ಇನ್ನೊಂದು ಸುತ್ತು ತಿರುವಿದರೆ ಬಿದ್ದೇ ಹೋಗುತ್ತದೆ.
ಯಾರಾದರೂ ಅವಳಿಗೆ ಹೇಳಬಾರದೇ?"