ಆರನೇ ವಾರ

ಹೂ ಬಿದ್ದೈತೆ ಅಂದಳು ಆಯಾ
ಕೂಸಿನ ಮುಖ ಟ್ಯೂಬ್‌ಲೈಟಿಗೆ ಹಿಡಿದು,
ಎರಡೂ ಕಣ್ಣಿಗೆ.
ಎಂಥ ಮಾತು ನೋಡ್ರಿ, ಹೂ ಅಂತಾರೆ ಇದನ್ನ.
ಮುಡಿಯೋಕೆ ಬರಲ್ಲ, ಬಾಡಲ್ಲ,
ಉದುರಲ್ಲ.

ನಾನು ಮಂಡಕ್ಕಿ ಭಟ್ಟಿಯವಳು.
ನಮ್ಮಲ್ಲೂ ಅರಳೋದು ಅಂತಲೇ ಅಂತೀವಿ:
ಕಾದ ಮರಳಿಗೆ ಅಕ್ಕಿ ಸುರಿದು
ಕಡ್ಡಿ ಪೊರಕೆ ಎರಡು ಸಲ ಆಡಿಸಿದರೆ
ಬಾಣಲೆ ತುಂಬ ಬೆಳ್ಳಗೆ.
ಅವಳ ಕಣ್ಣು ನೋಡಿದಾಗ ಮೊದಲು ನೆನಪಾದದ್ದು ಅದೇ.
ಯಾರಿಗೂ ಹೇಳಲಿಲ್ಲ.

ಹೇಳೋರಿಗೇನು ಕಡಿಮೆ.
ಗ್ರಹಣದಲ್ಲಿ ಹೊರಗೆ ಬಂದಿದ್ದೆಯೇನೆ ಅಂದಳು ಪಕ್ಕದ ಹಾಲಮ್ಮ.
ಟೈರ್ ಸುಟ್ಟ ಹೊಗೆ ಅಂದ ಸೌದೆ ಗಾಡಿಯವನು.
ಸಂಬಂಧದೊಳಗೆ ಮದುವೆ ಆದರೆ ಇನ್ನೇನು ಅಂದರು
ಸಂಬಂಧದೊಳಗೇ ಮದುವೆ ಆದೋರು.
ಅತ್ತೆ ಏನೂ ಅನ್ನಲಿಲ್ಲ; ನನ್ನ ಚಾಕ್ಕೆ ಸಕ್ಕರೆ ಹಾಕೋದು ಮರೆತಳು,
ಮೂರು ದಿನ.
ದಾದಾಪೀರ ಕೂಸಿನ ಮುಂದೆ ಕೂತು
ಬೆಂಕಿಕಡ್ಡಿ ಗೀರಿ ಗೀರಿ ಆಚೆ ಈಚೆ ಆಡಿಸಿದ.
ಇಡೀ ಪೊಟ್ಟಣ.

ಡಾಕ್ಟರಮ್ಮ ಚೀಟಿ ಮಗುಚಿ ಗೆರೆ ಎಳೆದಳು.
ಇದು ಮುಂದಿನ ಗಾಜು, ಕಾರ್ನಿಯಾ.
ಇದು ಅದರ ಹಿಂದಿನ ಪರದೆ. ಇದು ಮಸೂರ.
ಮೊದಲು ಎಲ್ಲ ಹತ್ತಿರ ಹತ್ತಿರ ಇರುತ್ತಮ್ಮ,
ಆಮೇಲೆ ತಾವಾಗೇ ಬಿಡಿಸಿಕೊಳ್ಳುತ್ತವೆ.
ನಿಮ್ಮ ಮಗೂದು ಬಿಡಿಸಿಕೊಂಡಿಲ್ಲ.
ಹೊಗೆ ಅಲ್ಲ, ಗ್ರಹಣ ಅಲ್ಲ, ಯಾರ ತಪ್ಪೂ ಅಲ್ಲ.
ಯಾವಾಗ ಅಂದೆ.
ಆರನೇ ವಾರ. ಏಳು ಅಂದುಕೊಳ್ಳಿ.

ಆರನೇ ವಾರ
ಅವಳು ಇದ್ದಾಳೆ ಅಂತಲೇ ನನಗೆ ಗೊತ್ತಿರಲಿಲ್ಲ.
ಸಿಟಿ ಬಸ್ಸಲ್ಲಿ ಬೆರಳು ಮಡಿಸಿ ಬಿಚ್ಚಿ ಲೆಕ್ಕ ಹಾಕಿದೆ.
ರಂಜಾನ್ ಮುಗಿದಿತ್ತು. ಹರಿಹರದ ನಿಕಾಹಿಗೆ ಹೋಗಿದ್ದೆವು,
ಸೇತುವೆ ಮೇಲಿಂದ ನೀರು ನೋಡಿದೆ.
ತಲೆ ಸುತ್ತಿ ಒಂದು ದಿನ ಕೆಲಸ ತಪ್ಪಿಸಿದೆ, ಕೂಲಿ ಹೋಯಿತು.
ಜರಡಿ ಹಿಡಿದೆ. ಚೀಲ ಹೊಲಿದೆ.
ಕೆಂಪು ಬಳೆ ಕೊಂಡೆ, ಡಜನಿಗೆ ಐದು ರೂಪಾಯಿ ಬಿಡು ಅಂತ
ಅರ್ಧ ತಾಸು ಜಗಳ.
ಆಗಲೇ ಏನು?
ಅಕ್ಕಿಕಾಳಿನಷ್ಟು ಇದ್ದವಳ ಒಳಗೆ
ಕಿಟಕಿಯೊಂದು ಚೌಕಟ್ಟು ಬಿಡಲ್ಲ ಅಂತ ಹಟ ಹಿಡಿದಾಗ
ನಾನು ಬಳೆಗಾರನ ಹತ್ತಿರ ಚೌಕಾಸಿ ಮಾಡ್ತಿದ್ದೆನಾ?

ಕಣ್ಣು ಬೇಕು ಅಂದರು, ತೀರಿಹೋದವರದು,
ಮುಂದಿನ ಗಾಜಷ್ಟೇ.
ಪಟ್ಟಿಯಲ್ಲಿ ಬರೆಸಿದೆವು: ನರ್ಗಿಸ್, ಹೆಣ್ಣು, ಎಂಟು ತಿಂಗಳು.
ಮಂಡಕ್ಕಿ ಹೆಸರಾ ಅಂತ ನಕ್ಕ ಗುಮಾಸ್ತ, ದಾವಣಗೆರೆಯವನೇ.
ಅದು ಹೂವಿನ ಹೆಸರು ಸ್ವಾಮಿ,
ಅವಳು ಕಣ್ಣು ಬಿಡೋ ಮುಂಚೆಯೇ ಇಟ್ಟುಕೊಂಡಿದ್ದು.
ಫೋನು ಬಂದರೆ ಹೊರಡಬೇಕು, ನಡುರಾತ್ರಿ ಆದರೂ.

ಅವತ್ತಿಂದ ನನ್ನ ಕಿವಿ ಕೆಟ್ಟಿತು.
ಮಸೀದಿ ಮೈಕಲ್ಲಿ ಇಂಥವರು ತೀರಿಕೊಂಡರು ಅಂದರೆ
ದುವಾ ಬಾಯಿಗೆ ಬರೋ ಮುಂಚೆ
ವಯಸ್ಸೆಷ್ಟು ಅನ್ನೋದು ಬರುತ್ತೆ.
ಹಾಲಮ್ಮನ ಮೈದುನ ಲಾರಿಗೆ ಸಿಕ್ಕಿ ಹೋದ.
ಅವಳನ್ನ ತಬ್ಬಿ ಅಳುತ್ತಿದ್ದೆ, ನಿಜವಾದ ಅಳುವೇ ಅದು,
ಅಳುತ್ತಲೇ ಕೇಳಿಬಿಟ್ಟೆ:
ಕಣ್ಣಿಗೇನೂ ಆಗಿಲ್ಲ ತಾನೆ?
ಹಾಲಮ್ಮ ನನ್ನ ಮುಖ ನೋಡಿದಳು.
ಆಮೇಲೆ ಸೆರಗು ಬಿಡಿಸಿಕೊಂಡಳು, ಮೆಲ್ಲಗೆ.

ನನ್ನವೂ ಬರೆದುಕೊಟ್ಟಿದೀನಿ.
ಹೊಗೆ ತಿಂದ ಕಣ್ಣು ನಡೀತವಾ ಅಂತ ಕೇಳಿದೆ.
ನಡೀತವೆ ಅಂದರು.

ಫೋನು ಇನ್ನೂ ಬಂದಿಲ್ಲ.
ಬಾಣಲೆಯಿಂದ ಆರು ಮಾರು ದೂರ ಗೋಣಿಚೀಲದ ಮೇಲೆ ಅವಳು.
ಬೆಂಕಿ ಜೋರಾದರೆ ಅತ್ತ ಮುಖ ತಿರುಗಿಸ್ತಾಳೆ.
ಬೆಳಕು ಒಳಗೆ ಹೋಗುತ್ತೆ, ಚಿತ್ರ ಹೋಗಲ್ಲ ಅಂದಿದ್ದರು.
ಅಕ್ಕಿ ಸುರಿದ ಸದ್ದಿಗೆ ಉಸಿರು ಹಿಡೀತಾಳೆ.
ಹೊಗೆಗೆ ನನ್ನ ಕಣ್ಣೂ ಮುಚ್ಚಿರುತ್ತೆ.
ಮೊದಲ ಕಾಳು ಸಿಡಿಯುತ್ತೆ,
ಎರಡೂ ಕೈ ಮೇಲೆತ್ತಿ ಕೇಕೆ ಹಾಕ್ತಾಳೆ.
ನಾನು ಪೊರಕೆ ಆಡಿಸಬೇಕು,
ನಿಂತರೆ ಸೀದುಹೋಗುತ್ತೆ.