ಎಂಬತ್ತೊಂದರ ಮೇಲೆ

ಭಾಯಖಳ ಸ್ಟೇಷನ್ನಿನ ಪಾರ್ಸೆಲ್ ತಕ್ಕಡಿ.
ಒಣ ಬೊಂಬಿಲ್ ಬುಟ್ಟಿ, ಹೊಲಿಗೆ ಯಂತ್ರ, ಹಪ್ಪಳದ ಮೂಟೆಗಳ ನಡುವೆ
ಚಡ್ಡಿಯಲ್ಲಿ ನಿಂತ ಇನಾಸ್ ಕುಲಾಸೊ:
ಎಪ್ಪತ್ತೊಂಬತ್ತೂವರೆ.
ಹೆವಿವೇಟಿಗೆ ಎಂಬತ್ತೊಂದು ದಾಟಬೇಕು.
"ಪೋರಾ, ಬಾಳೆಹಣ್ಣು!" ಅಂದರು ಕೋಚು.

ಪೋರ ನಾನು. ಶೆಟ್ಟರ ಕ್ಯಾಂಟೀನಿನಲ್ಲಿ ಲೋಟ ತೊಳೆಯುವವ,
ರಾತ್ರಿ ಶಾಲೆಯಲ್ಲಿ ಏಳನೇ ಇಯತ್ತೆ.
ಒಂದು ಡಜನ್ ತಂದೆ, ಎರಡು ಚೊಂಬು ನೀರು.
ನುಂಗಿದ. ಕಣ್ಣಲ್ಲಿ ನೀರು ಬರುವಷ್ಟು ನುಂಗಿದ.
ಮುಳ್ಳು ಒಲ್ಲದ ಮನಸ್ಸಿನಿಂದ ಸರಿಯಿತು.

ಆ ವರ್ಷ ಆ ತೂಕಕ್ಕೆ ಬೇರೆ ಯಾರೂ ಬರಲಿಲ್ಲ.
ರಿಂಗಿನಲ್ಲಿ ಒಬ್ಬನೇ ನಿಂತ, ರೆಫರಿ ಕೈ ಎತ್ತಿದ,
ಚಾಂಪಿಯನ್.
ಪದಕವನ್ನು ಖಾಲಿ ಡಬ್ಬಿಯೊಳಗಿಟ್ಟು ಮಝಗಾಂವಿಗೆ ಒಯ್ದ,
ಹೆಂಡತಿಗೂ ತೋರಿಸಲಿಲ್ಲವಂತೆ.

ಮರುವರ್ಷ ಫೌಜಿನ ಹವಾಲ್ದಾರ, ತೊಂಬತ್ತೆಂಟು ಕಿಲೊ.
ಮೂರು ಸುತ್ತು. ಬಕೆಟ್ ಹಿಡಿದ ನನಗೆ ಕೇಳಿಸಿದ್ದು
ಒದ್ದೆ ಗೋಣಿಗೆ ಬಡಿಗೆ ಬಿದ್ದ ಸದ್ದು.
ಎಡಗಿವಿ ಅಂದೇ ಹೋಯಿತು.
ಒಂದಂಕದಿಂದ ಗೆದ್ದದ್ದನ್ನು
ಬಲಗಿವಿಗೆ ಮೂರು ಸಲ ಹೇಳಬೇಕಾಯಿತು.

ಆಮೇಲೆ ಕಪ್ಪು ಕೋಟು, ಟಿಕೆಟ್ ತಪಾಸಣೆ, ಮೂವತ್ತು ವರ್ಷ.
ಬಿಟ್ಟಿ ಪ್ರಯಾಣಿಕರು ಆ ಮೂಗು ನೋಡಿಯೇ ದಂಡ ತೆರುತ್ತಿದ್ದರು.

ಮೊನ್ನೆ ರೈಲ್ವೆ ಆಸ್ಪತ್ರೆಯಲ್ಲಿ
ಅಂಗಿಯ ಗುಂಡಿ ನಾನೇ ಹಾಕಿದೆ; ಬೆರಳು ಮಾತು ಕೇಳುವುದಿಲ್ಲ.
ನರ್ಸಮ್ಮ ತಕ್ಕಡಿ ಹತ್ತಿಸಿದಳು. ನಲವತ್ತೊಂಬತ್ತು.
ಇನಾಸ್ ಬಗ್ಗಿ ಮುಳ್ಳು ನೋಡಿದ,
ತುಸು ಹೊತ್ತು ನೋಡಿದ,
ಆಮೇಲೆ ನನ್ನತ್ತ ತಿರುಗಿ:
"ಶೆಟ್ಟರ ಕ್ಯಾಂಟೀನು ತೆರೆದಿದೆಯಾ? ಓಡು, ಪೋರಾ."

ಎಪ್ಪತ್ತರ ಪೋರ.
ಕಂಬಿ ಹಿಡಿದು ಮೆಟ್ಟಿಲಿಳಿಯತೊಡಗಿದೆ.